ನೆರೈದಾಳ ಮನೆಯಲ್ಲಿ ಇಲ್ಲದ ಗಂಡಸು

ಬ್ರಾಂಕ್ಸಿನ ನಮ್ಮ ಸರ್ಕಾರಿ ವಸತಿಯ ನಾಲ್ಕನೇ ಕಟ್ಟಡಕ್ಕೆ ಹದಿನಾಲ್ಕು ಮಹಡಿ. ಕಾಗದದ ಮೇಲೆ ಅದರಲ್ಲಿ ಅರವತ್ತೆಂಟು ಹೆಂಗಸರು, ನೂರಾ ಎಪ್ಪತ್ತು ಮಕ್ಕಳು, ಗಂಡಸರು ಸೊನ್ನೆ. ಆ ಸೊನ್ನೆ ಬೆಳಿಗ್ಗೆ ಆರಕ್ಕೆ ಏಳುತ್ತಿತ್ತು, ಬಚ್ಚಲಲ್ಲಿ ಕ್ಯಾಕರಿಸುತ್ತಿತ್ತು, ಲಿಫ್ಟಿನಲ್ಲಿ ಸಿಗರೇಟು ಸೇದುತ್ತಿತ್ತು, ಸಂಜೆ ಅಂಗಳದಲ್ಲಿ ಕೂತು ಡಾಮಿನೊ ಕಾಯಿ ಕುಟ್ಟುತ್ತಿತ್ತು. ಆ ವರ್ಷ ಒಂದರಲ್ಲೇ ಹನ್ನೊಂದು ಜನ ಬಸುರಿಯರು. ಕಾಗದ ನಂಬುವುದಾದರೆ ನಮ್ಮ ಕಟ್ಟಡದಲ್ಲಿ ನಡೆದಷ್ಟು ಪವಾಡ ಬೆತ್ಲೆಹೇಮಿನಲ್ಲೂ ನಡೆದಿಲ್ಲ.

ಕಾರಣ ಸುಲಭ. ದುಡಿಯುವ ಗಂಡಸಿನ ಹೆಸರು ಬಾಡಿಗೆ ಪತ್ರದಲ್ಲಿ ಬಂತೋ, ಬಾಡಿಗೆ ಏರಿತು. ಹೆಸರಿಲ್ಲದ ಗಂಡಸು ಮನೆಯಲ್ಲಿ ಸಿಕ್ಕಿಬಿದ್ದನೋ, ಮನೆಯೇ ಹೋಯಿತು. ಹಾಗಾಗಿ ನಮ್ಮ ಗಂಡಸರು ಇರಲಿಲ್ಲ. ನನ್ನವನು ತೊನ್ಯೊ ಹದಿನಾಲ್ಕು ವರ್ಷದಿಂದ ಇರಲಿಲ್ಲ. ಗೊರಕೆ ಇತ್ತು.

ನನ್ನ ಮೇಲಿನ ಮನೆ, ಏಳನೇ ಮಹಡಿಯದು, ನೆರೈದಾ ಕೊತ್ತೊಳದು. ನನ್ನ ಕೊನೆಯ ಮಗಳಿಗೆ ದೀಕ್ಷಾಸ್ನಾನ ಮಾಡಿಸುವಾಗ ಎತ್ತಿ ಹಿಡಿದವಳು ಅವಳೇ. ಅವತ್ತಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ‘ಕೊಮಾಯ್’. ಒಡಹುಟ್ಟಿದವರಿಗಿಂತ ಒಂದು ಗೇಣು ಹೆಚ್ಚಿನ ನಂಟು ಅದು, ಜಗಳಕ್ಕೂ ಹೆಚ್ಚಿನ ಹಕ್ಕು. ಪೋರ್ಟೊರಿಕೊದ ಗುಡ್ಡದ ಊರು ಮಾರಿಕಾವೊದಲ್ಲಿ ಕಾಫಿ ಕೊಯ್ಯುವವರ ಮನೆಯಲ್ಲಿ ಹುಟ್ಟಿದವಳು. ಹದಿನೇಳಕ್ಕೆ ಚಿಕ್ಕಮ್ಮನ ಕೈಹಿಡಿದು ಇಲ್ಲಿಗೆ ಬಂದಳು. ಒಳಉಡುಪಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕೊಂಡಿ ಹೊಲಿದಳು. ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆ ಸೇರಿದಳು. ಅಂಗಡಿಯಿಂದ ತಂದ ಪೊಟ್ಟಣದ ಅಕ್ಕಿಯನ್ನೂ ತಟ್ಟೆಗೆ ಸುರಿದು ಕಲ್ಲು ಆರಿಸುವವಳು. “ಕೊಮಾಯ್, ಯಂತ್ರದಲ್ಲಿ ಮಾಡಿದ ಅಕ್ಕೀಲಿ ಎಲ್ಲಿಂದ ಬರುತ್ತೆ ಕಲ್ಲು?” ಎಂದರೆ, “ಯಂತ್ರದ ಕಲ್ಲು ಬರುತ್ತೆ” ಅನ್ನುವಳು. ಹಾಲಿನ ತಾರೀಖು, ಮಕ್ಕಳ ಹಲ್ಲು, ಪಾದ್ರಿಯ ಉಪದೇಶ, ಎಲ್ಲವನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡದೆ ಒಪ್ಪುತ್ತಿರಲಿಲ್ಲ. ಹನ್ನೊಂದು ವರ್ಷ ಅವಳು ಆರಿಸದೆ ಬಿಟ್ಟದ್ದು ಒಂದೇ ವಸ್ತು: ಎಫ್ರಾಯಿನ್.

ಎಫ್ರಾಯಿನ್ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ಎತ್ತರದ ಆಳು, ಮೀಸೆಗೂ ಎಣ್ಣೆ, ಕಂಕುಳಿಗೂ ಅತ್ತರು. ಸಣ್ಣವನಿದ್ದಾಗ ಮಾವಿನ ಮರದಿಂದ ಬಿದ್ದು ಎಡಗಾಲು ಬೆರಳಷ್ಟು ಗಿಡ್ಡವಾಗಿತ್ತು. ಎಡ ಬೂಟಿನೊಳಗೆ ತಾನೇ ಕೆತ್ತಿದ ಬೆಂಡಿನ ತುಂಡು ಇಟ್ಟುಕೊಂಡು ರಾಜನ ಹಾಗೆ ನಡೆಯುತ್ತಿದ್ದ.

ವಸತಿ ಕಚೇರಿಯ ಡಾನ್ಲಿ ಸಾಹೇಬರು ತಪಾಸಣೆಗೆ ಬಂದರೆ ಒಂದನೇ ಮಹಡಿಯವರು ಬಿಸಿನೀರಿನ ಕೊಳವೆಗೆ ಚಮಚದಿಂದ ಮೂರು ಸಲ ಬಡಿಯುತ್ತಿದ್ದರು. ಆ ಸದ್ದು ಹದಿನಾಲ್ಕಕ್ಕೆ ಏರುವಷ್ಟರಲ್ಲಿ ಗಂಡಸರು ಹಿಂದಿನ ಮೆಟ್ಟಿಲಿನಿಂದ ಇಳಿದಿರುತ್ತಿದ್ದರು, ಅವರ ಬೂಟುಗಳು ಮೂರನೇ ಮಹಡಿಯ ದೋನ್ಯಾ ಇಪೋಲಿತಾಳ ಮನೆ ಸೇರಿರುತ್ತಿದ್ದವು. ತೊಂಬತ್ತರ ಮುದುಕಿ, ಅವಳ ಮೇಲೆ ಯಾರಿಗೆ ಅನುಮಾನ? ಒಮ್ಮೆ ಸಾಹೇಬರು ಅಲ್ಲಿಗೂ ನುಗ್ಗಿ ಮಂಚದ ಕೆಳಗೆ ನಲವತ್ತೊಂದು ಜೊತೆ ಗಂಡಸರ ಬೂಟು ಕಂಡರು.

“ಅಮ್ಮಾ, ಇದೆಲ್ಲ ಯಾರದ್ದು?”

“ನನ್ನ ಗಂಡಂದು. ದೇವರ ಪಾದ ಸೇರಿ ಇಪ್ಪತ್ತು ವರ್ಷ ಆಯ್ತು.”

“ಒಂದೊಂದು ಒಂದೊಂದು ಅಳತೆ ಇದೆಯಲ್ಲ?”

“ಅಯ್ಯೋ ಮಗನೇ, ಆತನ ಕಾಲೇ ಹಂಗಿತ್ತು. ಒಂದು ದಿನ ಇದ್ದಂಗೆ ಒಂದು ದಿನ ಇರ್ತಿರಲಿಲ್ಲ.”

ಸಾಹೇಬರು ಬರೆದುಕೊಂಡು ಹೋದರು. ಏನು ಬರೆದುಕೊಂಡರೋ.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಮಿಸ್ ಓಕ್ಸ್ ಬಂದಳು. ತೆಳ್ಳಗಿನ ಬಿಳಿ ಹುಡುಗಿ. ಸ್ಪ್ಯಾನಿಷನ್ನು ಪುಸ್ತಕದಲ್ಲಿ ಕಲಿತು ಬಿಷಪ್ಪನ ಹಾಗೆ ಮಾತಾಡುತ್ತಿದ್ದಳು. ಬಡ ಹೆಂಗಸರಿಗೆ ಎಚ್‌ಐವಿ ಎಲ್ಲಿಂದ, ಹೇಗೆ ಅಂಟೀತು ಎಂದು ಮನೆಮನೆಗೆ ಹೋಗಿ ಕೇಳುವ ಕೆಲಸ ಅವಳದು. ಉತ್ತರ ಕೊಟ್ಟವರಿಗೆ ಒಂದೊಂದು ಛತ್ರಿ. ನೆರೈದಾಳ ಮನೆಯಲ್ಲಿ ಕೇಳುವಾಗ ನಾನೂ ಅಲ್ಲೇ ಬಾಳೆಕಾಯಿ ಸುಲಿಯುತ್ತಿದ್ದೆ.

“ತಮ್ಮ ಗೃಹದಲ್ಲಿ ವಯಸ್ಕ ಪುರುಷರು ಎಷ್ಟು ಮಂದಿ ವಾಸಿಸುತ್ತಾರೆ?”

“ಯಾರೂ ಇಲ್ಲ ತಾಯಿ,” ಎಂದಳು ನೆರೈದಾ. ಬಚ್ಚಲಲ್ಲಿ ಎಫ್ರಾಯಿನ್ ಗಂಟಲು ಬಿಟ್ಟು ಹಾಡುತ್ತಿದ್ದ.

“ಆ ಧ್ವನಿ?”

“ರೇಡಿಯೊ.”

ಮಿಸ್ ಓಕ್ಸ್ ಕಿವಿಗೊಟ್ಟಳು. “ರೇಡಿಯೊ ಟವಲ್ಲನ್ನು ಕೇಳುತ್ತಿದೆ.”

“ನಾಟಕ ಬರ್ತಿದೆ,” ಎಂದೆ ನಾನು.

“ಕಳೆದ ಆರು ತಿಂಗಳಲ್ಲಿ ತಾವು ಪುರುಷರ ಸಂಗ...”

“ಇಲ್ಲದೋರ ಜೊತೆ ಹೆಂಗಮ್ಮ ಸಂಗ?”

“ಕಾಂಡೋಮ್ ಬಳಕೆ?”

“ಯಾರಿಗೆ ತೊಡಿಸ್ಲಿ? ನೀನು ಕೊಟ್ಟ ಛತ್ರಿಗಾ?”

ನಾವು ನಕ್ಕೆವು. ಅರವತ್ತೆಂಟು ಮನೆಯಲ್ಲೂ ಅದೇ ಉತ್ತರ, ಅದೇ ನಗು. ಪಾಪ, ವಸತಿ ಕಚೇರಿಗೂ ತನಗೂ ಸಂಬಂಧವಿಲ್ಲ ಎಂದು ಅವಳು ಆಣೆ ಇಟ್ಟು ಹೇಳಿದಳು. ಆದರೆ ಕೈಯಲ್ಲಿ ಕಾಗದ ಹಿಡಿದು ಬಂದವರೆಲ್ಲ ನಮಗೆ ಡಾನ್ಲಿ ಸಾಹೇಬರ ನೆಂಟರೇ. ಎರಡು ತಿಂಗಳಿಗೆ ವರದಿ ಬಂತು: ನಾಲ್ಕನೇ ಕಟ್ಟಡದ ಹೆಂಗಸರಿಗೆ ಪುರುಷ ಸಂಪರ್ಕ ಶೂನ್ಯ, ಅಪಾಯ ಶೂನ್ಯ, ಪ್ರತಿ ಮಂಗಳವಾರ ಅಂಗಳಕ್ಕೆ ಬರುವ ರಕ್ತ ಪರೀಕ್ಷೆಯ ಬಸ್ಸನ್ನು ಇನ್ನೂ ಅಗತ್ಯವಿರುವ ಕಡೆಗೆ ಕಳಿಸಬಹುದು. ನಮಗೇನೂ ಬೇಜಾರಾಗಲಿಲ್ಲ. ರೋಗದ ಹೆಸರನ್ನು ಆಳುದ್ದ ಬರೆದುಕೊಂಡ ಬಸ್ಸು ಅದು. ಹದಿನಾಲ್ಕು ಮಹಡಿಯ ಕಿಟಕಿಗಳ ಮುಂದೆ ಅದನ್ನು ಹತ್ತುವ ಗಟ್ಟಿಗಿತ್ತಿ ಯಾರು? ಅದರ ನೆರಳಲ್ಲಿ ಡಾಮಿನೊ ಆಡುವವರು ಮಾತ್ರ ನಿಟ್ಟುಸಿರು ಬಿಟ್ಟರು.

ಬಸ್ಸಿಗೆ ಇನ್ನು ಎರಡು ಮಂಗಳವಾರ ಉಳಿದಿದ್ದಾಗ, ಒಂದು ಬುಧವಾರ, ರಸ್ತೆಯಾಚೆಯ ಎರಡನೇ ಕಟ್ಟಡದಲ್ಲಿ ತಪಾಸಣೆ ಬಿತ್ತು. ದೋನ್ಯಾಳ ಮಂಚದ ಕೀರ್ತಿ ಅಲ್ಲಿಗೂ ಮುಟ್ಟಿತ್ತು. ಒಗೆಯುವ ಬಟ್ಟೆಯ ತಳ್ಳುಗಾಡಿಯಲ್ಲಿ ಅವರ ಬೂಟುಗಳೂ ಬಂದವು. ಸಾಹೇಬರು ಇತ್ತಲೂ ಬಂದಾರೆಂದು ನಮ್ಮವನ್ನೂ ಅಲ್ಲಿಗೇ ಇಳಿಸಿದ್ದೆವು. ಸಂಜೆ ನಾನೂ ನೆರೈದಾಳೂ ದೋನ್ಯಾಳ ಮಂಚದ ಪಕ್ಕ ಕೂತು ನಮ್ಮವು ಯಾವುವು, ಅವರವು ಯಾವುವು ಎಂದು ಬೇರೆ ಮಾಡುತ್ತಿದ್ದೆವು. ನೆರೈದಾ ಎಫ್ರಾಯಿನನ ಕಪ್ಪು ಜೊತೆ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಕಂದು ಜೊತೆಯೊಂದನ್ನು ಎತ್ತಿದಳು, ಎಡಗಡೆಯದರೊಳಗೆ ಕೈ ಹಾಕಿದಳು, ತೆಗೆಯಲೇ ಇಲ್ಲ.

ಆಗ ಬಾಗಿಲಲ್ಲಿ ಸುಲ್ಮಾ ನಿಂತಿದ್ದಳು. ಎರಡನೇ ಕಟ್ಟಡದವಳು, ಮೂವತ್ತು ದಾಟಿರಲಿಲ್ಲ, ಗುರುತಿದ್ದದ್ದು ಮುಖ ಮಾತ್ರ. “ಅಕ್ಕಾ, ಆ ಕಂದು ಜೊತೆ ನಮ್ದು.”

“ನಿಮ್ದಾ? ಒಳಗೆ ಬೆಂಡು ಇದೆ.”

“ಹೂಂ. ನಮ್ಮವನಿಗೆ ಎಡಗಾಲು ಗಿಡ್ಡ. ಮಾವಿನ ಮರದಿಂದ ಬಿದ್ದನಂತೆ.”

“ಯಾವ್ಯಾವ ದಿನ ಬರ್ತಾನೆ ನಿಮ್ಮವನು?”

“ಸೋಮವಾರ, ಗುರುವಾರ. ಉಳಿದ ದಿನ ದೂರದ ಊರಿಗೆ ಬ್ರೆಡ್ಡು ಹಾಕಕ್ಕೆ ಹೋಗ್ತಾನೆ.”

“ನಮ್ಮವನು ಸೋಮವಾರ, ಗುರುವಾರ ದೂರದ ಊರಿಗೆ ಹೋಗ್ತಾನೆ,” ಎಂದಳು ನೆರೈದಾ.

ದೋನ್ಯಾ ಇಪೋಲಿತಾ ಜಪಮಾಲೆ ಎಣಿಸುವುದನ್ನು ನಿಲ್ಲಿಸಿದಳು. “ಶಹಬ್ಬಾಸ್! ಇಷ್ಟು ದಿನ ಒಂದು ಕಟ್ಟಡದಲ್ಲಿ ಇರಲಿಲ್ಲ. ಈಗ ಎರಡು ಕಟ್ಟಡದಲ್ಲಿ ಇಲ್ಲ.”

ನೆರೈದಾ ಬೂಟು ಎತ್ತಿದ ರೀತಿ ನೋಡಿ ಇದು ಸುಲ್ಮಾಳ ತಲೆ ಮೇಲೆ ಬೀಳುತ್ತದೆ ಎಂದುಕೊಂಡೆ. ಸುಲ್ಮಾ ತಪ್ಪಿಸಿಕೊಳ್ಳಲಿಲ್ಲ. “ಹೊಡಿ ಅಕ್ಕಾ. ಆದ್ರೆ ಮೊದಲು ಕೇಳು. ಇವನಿಗಿಂತ ಮುಂಚೆ ನನಗೊಬ್ಬ ಇದ್ದ, ರುಬೆನ್. ಸೂಜಿ ಚುಚ್ಕೊಳ್ಳೋ ಚಟ. ಫೆಬ್ರವರೀಲಿ ಸತ್ತ. ಶ್ವಾಸಕೋಶ ಅಂದ್ರು. ಶ್ವಾಸಕೋಶ ಅಲ್ಲ, ಆ ರೋಗ ಅಂತ ಅವನ ತಂಗಿ ನನಗೆ ಹೇಳಿದ್ದು ಹೋದ ವಾರ.”

ಬೂಟು ಮೆಲ್ಲಗೆ ಕೆಳಗಿಳಿಯಿತು. ನೆರೈದಾ ಬೆರಳು ಮಡಚತೊಡಗಿದಳು: ರುಬೆನ್‌ನಿಂದ ಸುಲ್ಮಾ, ಸುಲ್ಮಾಳಿಂದ ಎಫ್ರಾಯಿನ್, ಎಫ್ರಾಯಿನ್‌ನಿಂದ... ನಾಲ್ಕನೇ ಬೆರಳನ್ನು ಮಡಚದೆ ಹಾಗೇ ನೋಡುತ್ತ ಕೂತಳು. ತಾನು ಹೊಲಿಗೆಯ ಸೂಜಿ ಬಿಟ್ಟರೆ ಯಾವ ಸೂಜಿಯನ್ನೂ ಮುಟ್ಟಿದವಳಲ್ಲ, ಯಾವ ಪರಪುರುಷನ ಮುಖವನ್ನೂ ನೋಡಿದವಳಲ್ಲ. ಅಕ್ಕಿ ಆರಿಸಿಕೊಂಡು ಕೂತವಳು.

ಮೇಲೆ ಹೋದೆವು. ಎಫ್ರಾಯಿನ್ ತಟ್ಟೆ ಮುಂದೆ ಕೂತಿದ್ದ. ಹಸಿ ತೊಗರಿಕಾಳಿನ ಅನ್ನ, ಹುರಿದ ಹಂದಿಮಾಂಸ.

“ಬರೋ ಮಂಗಳವಾರ ಬಸ್ಸು ಹತ್ತಿ ರಕ್ತ ಕೊಡು,” ಎಂದಳು ನೆರೈದಾ.

ನಮ್ಮ ಗಂಡಸರಿಗೆಲ್ಲ ಒಂದೇ ಉತ್ತರ ಬಾಯಿಪಾಠ. “ಯಾಕೆ? ನೀನು ಯಾರ ಜೊತೆ ಇದ್ದೆ?”

“ಸುಲ್ಮಾ ಜೊತೆ ಇದ್ದೆ. ನಿನ್ನ ಕಂದು ಬೂಟು ಹಿಡ್ಕೊಂಡು.” ಆಮೇಲೆ ರುಬೆನ್ನನ ಕಥೆಯನ್ನೂ ಹೇಳಿದಳು.

ಅವನ ಚಮಚ ನಿಂತಿತು. ಮುಖ ಬಿಳುಚಿತು, ನಾನು ಕಂಡೆ. ಆದರೆ ಗಂಡು ನಾಲಗೆ ಹೆದರಿದಷ್ಟೂ ಜೋರು. “ನೋಡು ನೆರೈದಾ. ನಾನು ಈ ಮನೇಲಿ ಇಲ್ಲ, ನೀನೇ ಬರೆದುಕೊಟ್ಟಿದೀಯ. ಆ ಮನೇಲೂ ಇಲ್ಲ, ಅವಳು ಬರೆದುಕೊಟ್ಟಿದಾಳೆ. ಎರಡು ಕಡೆ ಇಲ್ಲದೋನಿಗೆ ರೋಗ ಎಲ್ಲಿಂದ ಬರುತ್ತೆ? ಅಪಾಯ ಸೊನ್ನೆ ಅಂತ ವಿಶ್ವವಿದ್ಯಾಲಯವೇ ಹೇಳಿದೆ. ನೀನು ಪ್ರೊಫೆಸರಿಗಿಂತ ಬುದ್ಧಿವಂತೆಯಾ?”

ನೆರೈದಾ ನನ್ನ ಕಡೆ ತಿರುಗಿದಳು. “ಹೌದಲ್ವಾ ಕೊಮಾಯ್? ಇವನಿಲ್ಲ.” ತಟ್ಟೆಯನ್ನು ಅವನ ಮುಂದಿನಿಂದ ಎತ್ತಿ ನನ್ನ ಕೈಗೆ ಕೊಟ್ಟಳು. “ತಿನ್ನು. ಯಾರೂ ಇಲ್ಲದ ಜಾಗದಲ್ಲಿ ಬಡಿಸಿಬಿಟ್ಟಿದ್ದೆ.”

ಅವತ್ತಿನಿಂದ ಎಫ್ರಾಯಿನ್ ನಿಜವಾಗಿಯೂ ಇಲ್ಲವಾದ. ನೆರೈದಾ ಹಾಸಿಗೆಯ ನಡುಮಧ್ಯ ಮಲಗಿದಳು. ಮಾತು ಕೊಳವೆಯ ಮೂಲಕ ಏರಿತು, ಇಳಿಯಿತು, ರಸ್ತೆ ದಾಟಿತು. ಲಿಫ್ಟಿನಲ್ಲಿ ಹೆಂಗಸರು ಅವನು ನಿಂತ ಜಾಗಕ್ಕೇ ಮಕ್ಕಳ ಗಾಡಿ ನುಗ್ಗಿಸಿದರು. ಮೂಲೆಯ ಅಂಗಡಿಯವಳು ಅವನ ತಲೆಯಾಚೆಗೆ ನೋಡುತ್ತ, “ಯಾರಾದ್ರೂ ಇದ್ದೀರಾ ಸಾಲಲ್ಲಿ?” ಅಂದಳು. ಇನ್ನೂ ಕಷ್ಟವಾದದ್ದು ಗಂಡಸರನ್ನು ಒಪ್ಪಿಸುವುದು. ಒಪ್ಪದಿದ್ದರೆ ನಾವೂ ಹಾಸಿಗೆಯ ನಡುಮಧ್ಯ ಮಲಗುತ್ತೇವೆ ಎಂದು ತಿಳಿಸಿದ ಮೇಲೆ ಅವರೂ ದಾರಿಗೆ ಬಂದರು. ಡಾಮಿನೊ ಹಲಗೆಯಲ್ಲಿ ಮೂವರಿಗೇ ಕಾಯಿ ಹಂಚಿದರು. ನನ್ನ ತೊನ್ಯೊ ಅಂತೂ ಅವನ ತೊಡೆಯ ಮೇಲೇ ಕೂತುಬಿಟ್ಟ.

“ಏಯ್ ಎದ್ದೇಳೋ!”

“ಈ ಕುರ್ಚಿ ಯಾಕೋ ಮೆತ್ತಗಿದೆ,” ಎಂದ ತೊನ್ಯೊ.

ಮೊದಲ ಮಂಗಳವಾರ ನೆರೈದಾ ಮದುವೆಗೆ ಹೋಗುವವಳ ಹಾಗೆ ತಲೆ ಬಾಚಿ ಇಳಿದಳು. ರಸ್ತೆಯಾಚೆಯಿಂದ ಸುಲ್ಮಾ ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಬಸ್ಸಿನ ಮೆಟ್ಟಿಲು ಎತ್ತರವಿತ್ತು, ನೆರೈದಾ ಕೈ ಕೊಟ್ಟಳು. ಹದಿನಾಲ್ಕು ಮಹಡಿಯ ಕಿಟಕಿಗಳು ಉಸಿರು ಬಿಗಿಹಿಡಿದವು. ಒಳಗೆ ನರ್ಸು, “ಹೆಸರು ಬೇಡಮ್ಮ, ಬರೀ ಒಂದು ನಂಬರು. ಎರಡು ವಾರ ಬಿಟ್ಟು ಬಂದು ಉತ್ತರ ಕೇಳಿ,” ಎಂದರಂತೆ.

“ಎರಡು ವಾರಕ್ಕೆ ನಿಮ್ಮ ಬಸ್ಸೇ ಇರಲ್ವಲ್ಲ!”

ಮಿಸ್ ಓಕ್ಸ್ ಅಲ್ಲೇ ಮೂಲೆಯಲ್ಲಿ ತನ್ನ ಕಾಗದದ ಪೆಟ್ಟಿಗೆ ಕಟ್ಟುತ್ತಿದ್ದಳು. ನೆರೈದಾ ತೋಳಿಗೆ ಹತ್ತಿ ಒತ್ತಿಕೊಂಡೇ ಅವಳ ಮುಂದೆ ಕೂತಳು. “ಮಗಳೇ, ಆ ವರದಿ ಹರಿದುಹಾಕು.”

“ಹಾಗಾದರೆ ತಮ್ಮ ಗೃಹದಲ್ಲಿ ಪುರುಷರು ಇದ್ದಾರೆಯೇ?”

“ಇಲ್ಲ. ಇದಾನೆ ಅಂದ್ರೆ ಮನೆ ಹೋಗುತ್ತೆ. ಆದ್ರೆ ಇಲ್ಲದೋನು ದಿನಾ ಬರ್ತಾನೆ, ಉಣ್ತಾನೆ, ಮಗ್ಗುಲಲ್ಲಿ ಮಲಗ್ತಾನೆ. ಅದನ್ನ ಬರ್ಕೋ.”

“ಅಂಥ ಖಾನೆ ನನ್ನ ನಮೂನೆಯಲ್ಲಿ ಇಲ್ಲ.”

“ಪೆನ್ನು ಇದೆಯಲ್ಲ? ಗೆರೆ ಎಳಿ.”

ಹುಡುಗಿ ನೆರೈದಾಳ ಮುಖ ನೋಡಿದಳು. ಗೆರೆ ಎಳೆದಳು. ಮರುದಿನದಿಂದ ಮತ್ತೆ ಅರವತ್ತೆಂಟು ಬಾಗಿಲು ಬಡಿದಳು. ಈ ಸಲ ಛತ್ರಿಯೂ ಇಲ್ಲ, ಮೊದಲ ಪ್ರಶ್ನೆ ಮಾತ್ರ ಬದಲಾಗಿತ್ತು: “ತಮ್ಮ ಗೃಹದಲ್ಲಿ ಇಲ್ಲದ ಪುರುಷರು ಎಷ್ಟು ಮಂದಿ?”

ಸಾಕ್ಷಾತ್ ಸತ್ಯವನ್ನೇ ಹೇಳಬಹುದಾದ ಪ್ರಶ್ನೆ! ಹೆಂಗಸರು ಬಾಯಿ ತುಂಬ ಉತ್ತರ ಕೊಟ್ಟರು. “ನಮ್ಮನೇಲಿ ಒಬ್ಬನಿಲ್ಲ.” “ನಮ್ಮನೇಲಿ ಇಬ್ಬರಿಲ್ಲ, ಮೈದುನನೂ ಸೇರಿ.” “ನನ್ನವನು ಇಲ್ಲ ನೋಡಿ, ಕಾಂಡೋಮ್ ಅಂದ್ರೆ ತಟ್ಟೆ ಎಸೀತಾನೆ.” “ನನ್ನವನು ಇಲ್ಲ, ಜೈಲಿಂದ ಬಂದ ಮೇಲೂ ಇಲ್ಲ, ಕೇಳಕ್ಕೆ ಹೆದರಿಕೆ.” ಆ ಮಾತು ಹೇಳಿದವಳ ಮನೆಯಲ್ಲಿ ಮಿಸ್ ಓಕ್ಸ್ ಎರಡು ತಾಸು ಕೂತಿದ್ದಳಂತೆ. ದೋನ್ಯಾ ಇಪೋಲಿತಾಳೂ ಕರೆದು ಕೂರಿಸಿದಳು. “ನಮ್ಮನೇಲೂ ಒಬ್ಬ ಇಲ್ಲ ಮಗಳೇ. ನಿಜವಾಗ್ಲೂ ಇಲ್ಲ.” ಅವನನ್ನೂ ಸೇರಿಸಿ, ಇಲ್ಲದ ಗಂಡಸರು ಅರವತ್ತೊಂದು ಮಂದಿ ಎಂದಾಯಿತು. ಬಸ್ಸು ಇಲ್ಲೇ ಉಳಿಯಬೇಕು ಎಂದು ಮೇಲಿನಿಂದ ಆದೇಶ ಬಂತು.

ಎಫ್ರಾಯಿನ್ ಮಾತ್ರ ಜಗ್ಗಲಿಲ್ಲ. ಸುಲ್ಮಾ ಅವನ ಮುಖಕ್ಕೆ ಬಾಗಿಲು ಹಾಕಿದ್ದಳು. ಮಾರಬೇಕಾದ ಬ್ರೆಡ್ಡನ್ನೇ ತಿಂದು ಹೊಟ್ಟೆ ಹೊರೆದ. ಯಾರೂ ಮಾತಾಡಿಸದೆ ಕೊನೆಕೊನೆಗೆ ವ್ಯಾನಿನ ಜೊತೆ ಮಾತಾಡಲು ಶುರುಮಾಡಿದ. ಎರಡನೇ ಮಂಗಳವಾರ ಬೆಳಿಗ್ಗೆ, ಹದಿಮೂರನೆಯ ದಿನ, ಅಂಗಳದ ನಡುವೆ ನಿಂತು ಎರಡೂ ಕೈ ಮೇಲೆತ್ತಿದ.

“ಇದೀನಿ! ನಾನು ಇದೀನಿ! ಎಫ್ರಾಯಿನ್ ಮೈಸೊನೆತ್! ಏಳನೇ ಮಹಡೀಲಿ ಹನ್ನೊಂದು ವರ್ಷದಿಂದ ಇದೀನಿ!”

ಅವನ ಹಣೆಬರಹ, ಅದೇ ಗಳಿಗೆಗೆ ಡಾನ್ಲಿ ಸಾಹೇಬರು ಗೇಟು ದಾಟಿ ಒಳಗೆ ಬಂದಿದ್ದರು. ಅಂಗಳದಲ್ಲಿ ನಲವತ್ತು ಹೆಂಗಸರಾದರೂ ಇದ್ದೆವು. ಹೋಯಿತು ನೆರೈದಾಳ ಮನೆ ಎಂದುಕೊಂಡೆ.

ಸಾಹೇಬರು ಕಾಗದ ಬಿಚ್ಚಿದರು. “ಯಾರು ಈ ಮನುಷ್ಯ?”

“ಯಾವ ಮನುಷ್ಯ?” ಎಂದಳು ನೆರೈದಾ.

“ಇವನು! ಇಲ್ಲಿ ನಿಂತು ಕೂಗ್ತಿರೋನು!”

ನಾವೆಲ್ಲ ಅವರು ಬೆರಳು ತೋರಿದ ಕಡೆ ನೋಡಿದೆವು. ಹದಿಮೂರು ದಿನದ ಅಭ್ಯಾಸ. ಒಬ್ಬಳ ರೆಪ್ಪೆಯೂ ಅಲುಗಲಿಲ್ಲ. “ಪಾರಿವಾಳನಾ ಸಾಹೇಬ್ರೇ?” ಎಂದಳು ಒಬ್ಬಳು. “ಬಿಸಿಲು ಜಾಸ್ತಿ, ಪಾಪ,” ಎಂದಳು ಇನ್ನೊಬ್ಬಳು. ತೊನ್ಯೊ, ತಾನೂ ಇಲ್ಲ ಎನ್ನುವುದನ್ನು ಮರೆತು, ಸಾಹೇಬರಿಗೆ ಒಂದು ಲೋಟ ನೀರು ತಂದುಕೊಟ್ಟ. ಎಫ್ರಾಯಿನ್ ಹೋಗಿ ಸಾಹೇಬರ ತೋಳು ಹಿಡಿದುಕೊಂಡ. “ಸ್ವಾಮಿ, ನೀವಾದ್ರೂ ನೋಡ್ತಿದೀರಲ್ಲ?” ಸಾಹೇಬರು ತೋಳನ್ನು ನೋಡಿಕೊಂಡರು, ನಲವತ್ತು ಮುಖ ನೋಡಿದರು. ನೀರು ಕುಡಿದು, ಕಾಗದ ಮಡಚಿ, ತುಸು ಓಲಾಡುತ್ತ ಹೊರಟುಹೋದರು. ಮುಂದಿನ ಆರು ತಿಂಗಳು ಅವರು ನಮ್ಮ ಕಟ್ಟಡದ ಕಡೆ ತಲೆ ಹಾಕಲಿಲ್ಲ.

ಎಫ್ರಾಯಿನ್ ಬಸ್ಸಿನ ಚಕ್ರಕ್ಕೆ ಒರಗಿ ಕುಸಿದು ಕೂತ. “ಹೆದರಿಕೆ ಆಗುತ್ತೆ ನೆರೈದಾ,” ಎಂದ. ಹದಿಮೂರು ದಿನದಲ್ಲಿ, ಬಹುಶಃ ಹನ್ನೊಂದು ವರ್ಷದಲ್ಲಿ, ಅವನು ಆಡಿದ ಮೊದಲ ನಿಜವಾದ ಮಾತು. ಅವನು ಅವಳಿಗೆ ಕಾಣಿಸಿದ.

“ನನಗೂ ಆಗುತ್ತೆ. ಎದ್ದೇಳು,” ಎಂದಳು.

ನರ್ಸು ಹೆಸರು ಬೇಡ ಎಂದರೆ ಅವನು ಹಟ ಹಿಡಿದ: “ಇಲ್ಲ, ಬರ್ಕೊಳ್ಳಿ! ಪೂರ್ತಿ ಹೆಸರು ಬರ್ಕೊಳ್ಳಿ!” ನಿಯಮವಿಲ್ಲ ಎಂದರು. ಕೊನೆಗೆ ಕೊಟ್ಟ ನಂಬರನ್ನೇ ಜೇಬಲ್ಲಿಟ್ಟುಕೊಂಡು ಇಳಿದ.

ಮೂರನೇ ಮಂಗಳವಾರ ಹೆಂಗಸರಿಬ್ಬರ ಉತ್ತರ ಬಂತು. ನೆರೈದಾಳ ರಕ್ತದಲ್ಲಿ ಏನೂ ಇಲ್ಲ. ಆದರೆ ರೋಗ ಮೊದಮೊದಲು ಅಡಗಿ ಕೂರುತ್ತದೆ, ಮೂರು ತಿಂಗಳಿಗೆ ಮತ್ತೊಮ್ಮೆ ಬನ್ನಿ ಎಂದರು. ಸುಲ್ಮಾ ಒಳಗಿನಿಂದ ಬರಲು ಬಹಳ ಹೊತ್ತು ಹಿಡಿಯಿತು. ಬಂದವಳು ಕಾಗದವನ್ನು ನೆರೈದಾಳ ಕೈಗಿಟ್ಟು, “ನೀನೇ ಓದು ಅಕ್ಕಾ, ನನಗೆ ಅಕ್ಷರ ಕಾಣ್ತಿಲ್ಲ,” ಎಂದಳು. ರೋಗ ಇತ್ತು. ನೆರೈದಾ ಕಾಗದ ಮಡಚಿ ತನ್ನ ರವಿಕೆಯೊಳಗೆ ಸಿಕ್ಕಿಸಿ, ಅವಳನ್ನು ತಬ್ಬಿಕೊಂಡು ನಿಂತಳು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ನೋಡಬಾರದ್ದನ್ನು ನೋಡದಿರಲೂ ನಾವು ಕಲಿತಿದ್ದೆವು.

ಮುಂದಿನ ವಾರ ಎಫ್ರಾಯಿನನ ಉತ್ತರ. ಅವನದೂ ಶುದ್ಧ. ಯುದ್ಧ ಗೆದ್ದವನ ಹಾಗೆ ಕಾಗದ ಬೀಸುತ್ತ ಏಳು ಮಹಡಿ ಹತ್ತಿ ಬಂದ. ಅವನ ಬಟ್ಟೆಬರೆ ಬಾಗಿಲ ಹೊರಗಿತ್ತು.

“ಇದೇನೇ ಇದು? ಏನೂ ಇಲ್ಲ ಅಂತ ಬಂದಿದೆ!”

“ಸಂತೋಷ. ಮೂರು ತಿಂಗಳಿಗೆ ಇನ್ನೊಂದು ಸಲ ಕೊಡು. ಹನ್ನೊಂದು ವರ್ಷ ನೀನಿರಲಿಲ್ಲ, ಇಲ್ಲದೋನ್ನ ಹೆಂಗೆ ಹೊರಗೆ ಹಾಕೋದು? ಈಗ ಇದೀಯ. ಇಡೀ ಕಟ್ಟಡ ಕೇಳಿಸ್ಕೊಂಡಿದೆ. ಹೊರಡು.”

ಅವನು ಪಕ್ಕದ ಊರು ಯಾಂಕರ್ಸಿನಲ್ಲಿರುವ ತಮ್ಮನ ಮನೆಗೆ ಹೋದ. ಭಾನುವಾರ ಮಕ್ಕಳಿಗೆ ಬ್ರೆಡ್ಡು ತರುತ್ತಾನೆ. ಹೊಸ್ತಿಲಾಚೆ ನಿಂತು ಕೊಟ್ಟು ಹೋಗುತ್ತಾನೆ.

ಆ ಮೂರು ತಿಂಗಳು ನೆರೈದಾ ಸರಿಯಾಗಿ ನಿದ್ದೆ ಮಾಡಲಿಲ್ಲ, ಅದು ನನಗೆ ಗೊತ್ತು. ಅವಳ ನೆಲ ಅಂದರೆ ನನ್ನ ಸೂರು. ಎರಡನೇ ಸಲವೂ ಅವಳ ರಕ್ತದಲ್ಲಾಗಲಿ ಎಫ್ರಾಯಿನನ ರಕ್ತದಲ್ಲಾಗಲಿ ಏನೂ ಇರಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದುಮುಂದು ತಿರುಗಿಸಿ ನೋಡಿದಳು. “ಇಲ್ಲ ಕೊಮಾಯ್,” ಎಂದಳು. ಆಮೇಲೆ ಕೂತು, ಅವತ್ತೇ ಮೊದಲು, ಜೋರಾಗಿ ಅತ್ತಳು.

ಅಳು ಮುಗಿಸಿ ಮುಖ ತೊಳೆದು ಎದ್ದಳು. ಅವತ್ತು ಸುಲ್ಮಾಳನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ. ಹೊಸ ಮಾತ್ರೆಗಳು ಬಂದಿದ್ದವು, ಒಳ್ಳೆಯ ಮಾತ್ರೆಗಳು, ಆದರೆ ಒಬ್ಬಳೇ ಹೋದರೆ ಅವಳು ಬಾಗಿಲಿನಿಂದಲೇ ತಿರುಗಿಬಿಡುತ್ತಿದ್ದಳು. ನಾನೂ ಜೊತೆಗೆ ಹೋದೆ. ಕಿಟಕಿಯ ಹಿಂದಿನ ಗುಮಾಸ್ತೆ ತಲೆಯೆತ್ತದೆ ಕೇಳಿದಳು, “ರೋಗಿಗೆ ನೀವು ಏನಾಗಬೇಕು?”

ನೆರೈದಾ ಸುಲ್ಮಾಳನ್ನು ನೋಡಿದಳು. ಸುಲ್ಮಾ ನೆರೈದಾಳನ್ನು ನೋಡಿದಳು.

“ಏನಂತ ಹೇಳ್ಲಮ್ಮ,” ಎಂದಳು ನೆರೈದಾ. “ಯಾವ ಗಂಡಸು ಇವಳ ಮನೇಲಿ ಇಲ್ವೋ, ಅದೇ ಗಂಡಸು ನಮ್ಮನೇಲೂ ಇಲ್ಲ.”

ಗುಮಾಸ್ತೆ ತಲೆಯೆತ್ತಿ ಮೂವರನ್ನೂ ಒಮ್ಮೆ ನೋಡಿ, ‘ಅಕ್ಕ’ ಎಂದು ಬರೆದುಕೊಂಡಳು.